ಟೊಳ್ಳೆಂಬ ಒಂದು ಪದ

ಇಪ್ಪತ್ತು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಕನೊಬ್ಬನ ಪ್ರಬಂಧದ ಕೆಳಗೆ ನಾನು ಕೆಂಪು ಮಸಿಯಲ್ಲಿ 'ಟೊಳ್ಳು' ಎಂಬ ಒಂದೇ ಪದವನ್ನು ಬರೆದಿದ್ದೆನು. ಅವನು ಮುಂದೆ ವಿಜ್ಞಾನದ ದಾರಿ ಹಿಡಿದನು. ಕಳೆದ ದಸರೆಯ ರಜೆಯಲ್ಲಿ ಮನೆಗೆ ಬಂದು ನಮಸ್ಕರಿಸಿ, ತನ್ನ ಸಂಶೋಧನೆಯನ್ನು ತಾಯಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆದ ಎರಡು ಪುಟಗಳನ್ನು ತಿದ್ದಿಕೊಡಬೇಕೆಂದು ಕೇಳಿದನು. ಮೊದಲ ಸಾಲಿನಲ್ಲಿಯೇ 'ಟೊಳ್ಳು ಗಾಜಿನ ಗೋಳಗಳು' ಎಂದಿತ್ತು.

ಕಣ್ಣಿಗೆ ಹಿಟ್ಟಿನಂತೆ ತೋರುವ ಆ ಗೋಳಗಳನ್ನು ಎಪಾಕ್ಸಿ ರಾಳದಲ್ಲಿ ಬೆರೆಸಿದರೆ, ಹಗುರವಾದ, ಶಾಖವನ್ನು ತಡೆಯುವ ವಸ್ತುವಾಗುತ್ತದೆ. ಉಷ್ಣವಾಹಕತೆಯು ರಾಳಕ್ಕೆ ಸುಮಾರು 0.2, ಗಾಜಿಗೆ ಸುಮಾರು 1, ನಿಶ್ಚಲ ವಾಯುವಿಗೆ 0.026 ಮಾತ್ರ, ಇವು ಮೀಟರ್-ಕೆಲ್ವಿನ್ನಿಗೆ ಇಷ್ಟು ವಾಟ್ ಎಂಬ ಮಾನದಲ್ಲಿವೆ. ರಾಳಕ್ಕಿಂತ ಗಾಜೇ ಹೆಚ್ಚು ಶಾಖವನ್ನು ಸಾಗಿಸುವುದರಿಂದ, ತಡೆಯುವ ಗುಣವೆಲ್ಲವೂ ಒಳಗಿನ ಟೊಳ್ಳಿನದೇ. ಗೋಡೆಯ ದಪ್ಪವು ತ್ರಿಜ್ಯದ ಸುಮಾರು ಹತ್ತನೆಯ ಒಂದು ಭಾಗವನ್ನು ಮೀರಿದರೆ ಆ ಗುಣವು ಉಳಿಯದು.

ಲೆಕ್ಕ ಹಾಕುವ ಬಗೆಯನ್ನೂ ಅವನು ವಿವರಿಸಿದನು. ಗೋಡೆಯನ್ನೂ ಒಳಗಿನ ವಾಯುವನ್ನೂ ಸೇರಿಸಿ, ಅಷ್ಟೇ ಶಾಖವನ್ನು ಸಾಗಿಸುವ ಒಂದು ಗಟ್ಟಿ ಗೋಳವೆಂದು ಮೊದಲು ಭಾವಿಸಬೇಕು. ಬಳಿಕ, ಮಾಧ್ಯಮವೊಂದರಲ್ಲಿ ಚದುರಿದ ಗೋಳಗಳ ವಿದ್ಯುದ್ವಾಹಕತೆಗಾಗಿ ಮ್ಯಾಕ್ಸ್‌ವೆಲ್ ಮಹಾಶಯರು 1873ರ ತಮ್ಮ ಗ್ರಂಥದಲ್ಲಿ ಕೊಟ್ಟ ಸೂತ್ರವನ್ನೇ ಶಾಖಕ್ಕೂ ಅನ್ವಯಿಸಬೇಕು. ಗೋಳಗಳು ವಿರಳವಾಗಿದ್ದರೆ ಸೂತ್ರವು ಸರಿಹೋಗುತ್ತದೆ. ಒತ್ತಾಗಿ ಸೇರಿದಾಗ ಒಂದರ ಪ್ರಭಾವವು ಇನ್ನೊಂದರ ಮೇಲೆ ಬಿದ್ದು ಲೆಕ್ಕವು ತಪ್ಪತೊಡಗುತ್ತದೆ.

"ಎಲ್ಲಕ್ಕಿಂತ ಕಷ್ಟವಾದುದು ಯಾವುದಪ್ಪಾ?" ಎಂದೆನು.

"ಬೆರೆಸುವುದು, ಗುರುಗಳೇ. ಕೈ ಒರಟಾದರೆ ಗೋಳಗಳು ಒಡೆಯುತ್ತವೆ, ರಾಳವು ಒಳನುಗ್ಗುತ್ತದೆ. ಆಮೇಲೆ ಅದು ಬರಿಯ ಗಾಜಿನ ಚೂರು. ಶಾಖವನ್ನು ತಡೆಯುವ ಬದಲು ಸಾಗಿಸುತ್ತದೆ."

ಲೋಪಸಂಧಿಯಲ್ಲಿ ಸ್ವರವು ಕಾಣದೆ ಹೋದರೂ ಪದದ ಅರ್ಥವು ಕೆಡುವುದಿಲ್ಲವೆಂದು ಮೂರು ದಶಕಗಳಿಂದ ಬೋಧಿಸುತ್ತ ಬಂದವನು ನಾನು. ಕಾಣದುದೆಲ್ಲ ಇಲ್ಲದುದಲ್ಲವೆಂಬ ಆ ಪಾಠವನ್ನು ಒಬ್ಬ ಬಾಲಕನ ಬರಹವನ್ನು ಓದುವಾಗ ನಾನೇ ಮರೆತಿದ್ದೆನು.

'ಶೂನ್ಯಗರ್ಭ ಗೋಳ' ಎಂದು ತಿದ್ದಲೇ ಎಂದು ಕೇಳಿದೆನು. "ಅಮ್ಮನಿಗೆ ತಿಳಿಯಬೇಕಲ್ಲ ಗುರುಗಳೇ, ಟೊಳ್ಳೆಂದೇ ಇರಲಿ" ಎಂದು ನಕ್ಕನು. ಹಳೆಯ ಕೆಂಪು ಮಸಿಯು ಅವನಿಗೆ ನೆನಪಿದೆಯೇ ಎಂದು ಕೇಳಲು ನನಗೆ ನಾಲಗೆಯೇಳಲಿಲ್ಲ. ಎರಡು ಕಾಗುಣಿತಗಳನ್ನು ಮಾತ್ರ ತಿದ್ದಿ, ಕೆಳಗೆ 'ಚೆನ್ನಾಗಿದೆ' ಎಂದು ಬರೆದು ಪುಟಗಳನ್ನು ಅವನ ಕೈಗಿತ್ತೆನು.