ಸದ್ದಿಲ್ಲದ ಪೆಟ್ಟಿಗೆ

ದೊಡ್ಡದೆಂದರೆ ನಮಗೆ ಹಿಂದಿನಿಂದಲೂ ಭಕ್ತಿ. ದೊಡ್ಡ ಮನೆ, ದೊಡ್ಡ ಮೀಸೆ, ದೊಡ್ಡ ಪುಸ್ತಕ (ಓದುವುದು ಬಿಡುವುದು ಬೇರೆ ಮಾತು), ಇವುಗಳ ಮುಂದೆ ನಮ್ಮ ಕೈ ತಾನಾಗಿ ಮುಗಿಯುತ್ತದೆ. ಕಂಪ್ಯೂಟರಿನ ವಿಷಯದಲ್ಲೂ ಅಷ್ಟೆ. ಮೇಜಿನ ಕೆಳಗೆ ಮೊಣಕಾಲೆತ್ತರದ ಕಪ್ಪು ಪೆಟ್ಟಿಗೆಯೊಂದು ಗುಂಯ್‌ಗುಡುತ್ತ ನಿಂತಿದ್ದರೆ, ಮನೆಗೆ ಬಂದವರು ‘ಪರವಾಗಿಲ್ಲ, ಮೇಷ್ಟರು ಕಾಲಕ್ಕೆ ತಕ್ಕಂತಿದ್ದಾರೆ’ ಎಂದುಕೊಳ್ಳುತ್ತಾರೆ. ಅಂಗಡಿಯವರು ಅದನ್ನು ‘ಟವರ್’ ಎನ್ನುತ್ತಾರೆ. ನಮ್ಮ ಜನ ಇಡೀ ಪೆಟ್ಟಿಗೆಯನ್ನೇ ‘ಸಿ.ಪಿ.ಯು.’ ಎಂದು ಕರೆಯುತ್ತಾರೆ. ನಿಜವಾದ ಸಿ.ಪಿ.ಯು. ಒಳಗಡೆ ಎಲ್ಲೋ ಬಿಸ್ಕತ್ತಿನಷ್ಟು ಅಗಲಕ್ಕೆ ಕುಳಿತಿರುತ್ತದೆ. ಗೋಪುರ ಕಂಡವನಿಗೆ ಗರ್ಭಗುಡಿಯ ಚಿಂತೆಯೇಕೆ?

ಅಂಥದೊಂದು ಗೋಪುರ ನನ್ನ ಓದುವ ಕೋಣೆಯಲ್ಲೂ ಹತ್ತು ವರ್ಷ ಮೆರೆಯಿತು. ಹೇಳಿ ಕೇಳಿ ನಾನು ಕನ್ನಡದ ಮೇಷ್ಟರು. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ತಿದ್ದುವುದು, ಇಷ್ಟೇ ನನ್ನ ವ್ಯವಹಾರ. ಅದೂ ರಾತ್ರಿ ಹತ್ತರ ಮೇಲೆ. ಆ ಗುಂಯ್‌ಗಾನಕ್ಕೆ ಕಿವಿ ಹೊಂದಿಕೊಂಡಿತ್ತು.

ಹೋದ ವರ್ಷ ಅಮ್ಮ ಮಂಡಿಯ ಶಸ್ತ್ರಚಿಕಿತ್ಸೆಗೆಂದು ಹಾಸನದ ಕಡೆಯ ನಮ್ಮ ಹಳ್ಳಿಯಿಂದ ಬೆಂಗಳೂರಿಗೆ ಬಂದಳು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅವಳ ಮಂಚ ಓದುವ ಕೋಣೆಗೆ ಬಂತು. ಅದರ ಹಿಂದೆಯೇ ವಾಕರ್ ಬಂತು. ವಾಕರ್ ತಿರುಗಬೇಕಾದ ಕಡೆಯಲ್ಲೇ ಗೋಪುರ ನಿಂತಿತ್ತು.

ಅಮ್ಮ ದೂರುವವಳಲ್ಲ. ಹಳ್ಳಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ರಾಗಿ ಗಿರಣಿಯಿದೆ. ‘ಗಿರಣಿ ಪಕ್ಕದಲ್ಲಿ ನಲವತ್ತು ವರ್ಷ ಸಂಸಾರ ಮಾಡಿದೋಳಿಗೆ ನಿನ್ನ ಯಂತ್ರ ಯಾವ ಲೆಕ್ಕ, ನೀನು ಬರಕೋ’ ಎಂದಳು. ಅವಳ ನಿದ್ರೆಗೆ ಯಂತ್ರ ಅಡ್ಡಿಯಾಗಲಿಲ್ಲ, ನಿಜ. ಅಡ್ಡಿಯಾದದ್ದು ಅವಳ ದನಿಗೆ. ರಾತ್ರಿಯ ಹೊತ್ತು ಅಮ್ಮನ ದನಿ ಬಹಳ ತಗ್ಗು. ‘ಸ್ವಲ್ಪ ನೀರು ಕೊಡೋ’ ಎಂಬ ಮಾತು ಮಂಚದಿಂದ ಮೇಜಿನವರೆಗಿನ ನಾಲ್ಕು ಮಾರು ದಾಟುವಷ್ಟರಲ್ಲಿ ಫ್ಯಾನುಗಳ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಒಂದು ರಾತ್ರಿ ಚೊಂಬು ಉರುಳಿದ ಸದ್ದಿಗೆ ತಿರುಗಿ ನೋಡಿದರೆ, ಕತ್ತಲಲ್ಲಿ ಗೋಡೆ ಹಿಡಿದು ನಿಂತಿದ್ದಾಳೆ. ಒಬ್ಬಳೇ ಏಳಕೂಡದೆಂದು ವೈದ್ಯರ ಕಟ್ಟಪ್ಪಣೆಯಿತ್ತು. ‘ಎರಡು ಸಲ ಕರೆದೆ, ಕೆಲಸದಲ್ಲಿದ್ದೀಯ ಅಂದುಕೊಂಡೆ’ ಎಂದಳು. ಯಂತ್ರ ಚಿಕ್ಕದಾಗಬೇಕು, ಮೌನವೂ ಆಗಬೇಕು ಎಂದು ಅಂದೇ ನಿಶ್ಚಯಿಸಿದೆ.

ಆದರೆ ಚಿಕ್ಕತನಕ್ಕೂ ಮೌನಕ್ಕೂ ಅಷ್ಟಾಗಿ ಸ್ನೇಹವಿಲ್ಲ. ಕಂಪ್ಯೂಟರು ಕುಡಿಯುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. 100 ವ್ಯಾಟಿನ ಯಂತ್ರವೆಂದರೆ, ಬಿಸಿಯ ಮಟ್ಟಿಗೆ, ಹಳೆಯ ಕಾಲದ 100 ವ್ಯಾಟಿನ ಬಲ್ಬೊಂದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಂತೆ. ಆ ಬಿಸಿಯನ್ನು ಹೊರಕ್ಕೆ ನೂಕಲು ಫ್ಯಾನು ಬೇಕು. ಚಿಕ್ಕ ಪೆಟ್ಟಿಗೆಗೆ ಚಿಕ್ಕ ಫ್ಯಾನು. ಅದು ದೊಡ್ಡದರಷ್ಟೇ ಗಾಳಿ ತಳ್ಳಬೇಕಾದರೆ ಹುಚ್ಚೆದ್ದು ತಿರುಗಬೇಕು, ಕಿರುಚಬೇಕು. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ; ಆದರೆ ಗಾಳಿಯೂ ಅರ್ಧವಾಗುತ್ತದೆ. ಆದ್ದರಿಂದ ಎರಡೂ ಬೇಕೆನ್ನುವವನಿಗೆ ಇರುವುದು ಒಂದೇ ದಾರಿ. ಸದ್ದನ್ನು ಮುಚ್ಚಲು ಹೋಗದೆ, ಬಿಸಿಯನ್ನೇ ಕಡಿಮೆ ಮಾಡಬೇಕು. ಎಂದರೆ, ಯಂತ್ರದಿಂದ ನಾವು ಬಯಸುವುದನ್ನು ಕಡಿಮೆ ಮಾಡಬೇಕು.

ಒಂದು ಭಾನುವಾರ ಗೋಪುರದ ಪಕ್ಕದ ತಗಡು ಬಿಚ್ಚಿದೆ. ಹತ್ತು ವರ್ಷದ ಧೂಳಿನ ಕೆಳಗೆ ಸಿಕ್ಕಿದ್ದನ್ನು ಕೇಳಿ. ಮಗನ ಆಟಗಳಿಗೆಂದು ಹಾಕಿಸಿದ್ದ 120 ವ್ಯಾಟಿನ ಗ್ರಾಫಿಕ್ಸ್ ಕಾರ್ಡು. ಮಗ ಹಾಸ್ಟೆಲು ಸೇರಿ ಎರಡು ವರ್ಷವಾಗಿತ್ತು, ವಿಭಕ್ತಿ ಪ್ರತ್ಯಯ ಬೆರಳಚ್ಚಿಸಲು ಅದರ ಹಂಗಿಲ್ಲ. ಎರಡು ಹಾರ್ಡ್ ಡಿಸ್ಕು; ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120. ನನ್ನ ತಂಬೂರಿ ಅದೇ! ಸಿ.ಡಿ. ಹಾಕುವ ಖಾನೆ, ಖಾಲಿ. ಮುಂದೆ ಬೇಕಾದೀತೆಂದು ಬಿಟ್ಟಿದ್ದ ಖಾನೆಗಳು, ಅವೂ ಖಾಲಿ. ಈ ಪೆಟ್ಟಿಗೆಗಳನ್ನು ಹಾಲಿನಂತೆ ಲೀಟರಿನಲ್ಲಿ ಅಳೆಯುವುದು ಬಲ್ಲವರ ರೂಢಿ. 20 ಸೆಂಟಿಮೀಟರು ಅಗಲ, 45 ಎತ್ತರ, 50 ಉದ್ದ. ಗುಣಿಸಿದರೆ 45 ಲೀಟರು. ಅದರಲ್ಲಿ ಮುಕ್ಕಾಲು ಪಾಲು ಬರಿಯ ಗಾಳಿ. ತುಂಬಿದ ಕೊಡ ತುಳುಕುವುದಿಲ್ಲವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮರುವಾರ ಎಸ್.ಪಿ. ರಸ್ತೆಗೆ ಹೋದೆ. ಇಂಟೆಲ್ ಕಂಪೆನಿ 1995ರಲ್ಲಿ ಗೊತ್ತುಮಾಡಿದ ಎ.ಟಿ.ಎಕ್ಸ್. ಮದರ್‌ಬೋರ್ಡಿನ ಅಳತೆ 30.5 ಸೆಂಟಿಮೀಟರಿಗೆ 24.4, ತೈವಾನಿನ ವಿಯಾ ಕಂಪೆನಿ 2001ರಲ್ಲಿ ತಂದ ಮಿನಿ-ಐ.ಟಿ.ಎಕ್ಸ್. ಬರಿಯ 17 ಸೆಂಟಿಮೀಟರಿನ ಚೌಕ. ಅದನ್ನೇ ಕೇಳಿದೆ. ಜೊತೆಗೆ 35 ವ್ಯಾಟಿನ ಪ್ರೊಸೆಸರು. ‘ಎಲ್ಲರೂ ಇನ್ನೂ ಪವರ್ ಇರೋದು ಕೊಡಿ ಅಂತಾರೆ, ನೀವು ಕಮ್ಮಿ ಇರೋದು ಕೇಳ್ತೀರಲ್ಲ ಸಾರ್’ ಎಂದು ಅಂಗಡಿಯ ಹುಡುಗ ನಕ್ಕ. ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ.; ಅದರಲ್ಲಿ ತಿರುಗುವ ವಸ್ತುವೇ ಇಲ್ಲ. ವಿದ್ಯುತ್ ಸರಬರಾಜಿಗೆ ಲ್ಯಾಪ್‌ಟಾಪಿನದರಂಥ ಅಡಾಪ್ಟರು, ಪೆಟ್ಟಿಗೆಯ ಹೊರಗೆ. ಎಲ್ಲ ಸೇರಿ 20 ಸೆಂಟಿಮೀಟರಿನ ಘನ, 8 ಲೀಟರು. ಬಿಸಿ ಕಡಿಮೆಯಾದ್ದರಿಂದ 12 ಸೆಂಟಿಮೀಟರಿನ ಒಂದೇ ಫ್ಯಾನು, ಸೋಮಾರಿಯ ಹಾಗೆ ತಿರುಗಿದರೂ ಸಾಕು.

ಸದ್ದಿನ ಲೆಕ್ಕ ತರಗತಿಯ ಲೆಕ್ಕದಂತೆಯೇ ಎಂದು ಆಗ ತಿಳಿಯಿತು. ಸಮಸಮನಾಗಿ ಗಲಾಟೆ ಮಾಡುವ ಇಬ್ಬರಲ್ಲಿ ಒಬ್ಬನನ್ನು ಹೊರಗೆ ಕಳಿಸಿದರೆ ಗಲಾಟೆ ಅರ್ಧವಾಯಿತೆಂದು ಅನ್ನಿಸುವುದಿಲ್ಲ. ಇಳಿಯುವುದು 3 ಡೆಸಿಬಲ್ ಮಾತ್ರ, ಕಿವಿಗೆ ಅದು ಅಷ್ಟಕ್ಕಷ್ಟೆ. ಅದಕ್ಕೇ ಕಾರ್ಡು, ಡಿಸ್ಕು, ಹಳೆಯ ಫ್ಯಾನು ಎಲ್ಲವೂ ಹೋಗಬೇಕಾಯಿತು. ಪ್ರೊಸೆಸರಿನ ನೆತ್ತಿಗೆ ಅಕ್ಕಿಕಾಳಿನಷ್ಟು ಥರ್ಮಲ್ ಪೇಸ್ಟನ್ನು ಗಂಧದ ಬೊಟ್ಟಿನಂತೆ ಇಟ್ಟು, ಮೇಲೆ ಫ್ಯಾನು ಕೂಡಿಸಿದೆ. ಮೇಜಿನ ಹಲಗೆ ವೀಣೆಯ ಕೊಡದಂತೆ ಸಣ್ಣ ನಡುಕವನ್ನೂ ದೊಡ್ಡದು ಮಾಡುತ್ತದೆ. ಪೆಟ್ಟಿಗೆಯ ಕೆಳಗೆ ನಾಲ್ಕು ರಬ್ಬರು ಬಿಲ್ಲೆ ಇಟ್ಟೆ. ಮಗನಿಗೆ ಫೋನಿನಲ್ಲಿ ಕಾರ್ಡಿನ ಸಮಾಚಾರ ಹೇಳಿದೆ. ಅವನು ಒಂದು ಗಳಿಗೆ ಸುಮ್ಮನಿದ್ದು, ‘ಇರಲಿ ಬಿಡಪ್ಪ, ಈಗ ಆಡೋಕೆ ಪುರಸೊತ್ತೆಲ್ಲಿದೆ’ ಎಂದ. ಕಾರ್ಡನ್ನು ಹಳೆಯ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ.

‘ಮುಂದೆ ಬೇಕಾದರೆ?’ ಎಂದು ಸ್ನೇಹಿತರೊಬ್ಬರು ಕೇಳಿದರು. ನಿಜ, ಇದರಲ್ಲಿ ಇನ್ನೇನನ್ನೂ ಸೇರಿಸಲು ಜಾಗವಿಲ್ಲ. ಆದರೆ ‘ಮುಂದೆ ಬೇಕಾದೀತು’ ಎಂಬುದಕ್ಕೆ 45 ಲೀಟರು ಜಾಗ ಕೊಟ್ಟಾಗ, ಈಗಲೇ ಬೇಕಾದದ್ದಕ್ಕೆ ಕೋಣೆಯಲ್ಲಿ ಎಡೆಯಿರಲಿಲ್ಲ.

ಈಗ ರಾತ್ರಿ ಹತ್ತಾದ ಮೇಲೆ ಆ ಕೋಣೆಯಲ್ಲಿ ಗಡಿಯಾರದ ಮುಳ್ಳು ಕೇಳಿಸುತ್ತದೆ. ಅಮ್ಮ ಮಗ್ಗುಲು ಬದಲಿಸಿದ್ದು ಕೇಳಿಸುತ್ತದೆ. ನೀರಿಗೆ ಅವಳು ಒಮ್ಮೆ ಕರೆದರೆ ಸಾಕು. ನೀರಿನ ಜೊತೆ ಮಾತೂ ಬರುತ್ತದೆ: ಗಿರಣಿಯ ಬೆಲ್ಟು ಹರಿದ ವರ್ಷ, ಅಪ್ಪ ಮೊದಲ ಸಂಬಳದಲ್ಲಿ ತಂದ ಸೀರೆಯ ಬಣ್ಣ. ನನಗೆ ಗೊತ್ತೇ ಇರದ ಸಂಗತಿಗಳು. ನಡುವೆ ಅವಳಿಗೆ ಅನುಮಾನ: ‘ಅದು ಓಡ್ತಾ ಇದೆಯೇನೋ? ಸದ್ದೇ ಮಾಡದ ಗಿರಣಿಗೆ ರಾಗಿ ಯಾರು ಕೊಡ್ತಾರೋ?’

ಮಂಡಿ ವಾಸಿಯಾಗಿದೆ, ವಾಕರ್ ಮೂಲೆ ಸೇರಿದೆ. ಹಬ್ಬ ಮುಗಿಸಿಕೊಂಡು ಊರಿಗೆ ಹೊರಡುತ್ತೇನೆಂದು ಅಮ್ಮ ಗಂಟು ಕಟ್ಟಲು ತೊಡಗಿದ್ದಾಳೆ. ಅವಳು ಹೋದ ಮೇಲೂ ಈ ಪೆಟ್ಟಿಗೆ ಹೀಗೆಯೇ ಮೌನವಾಗಿರುತ್ತದೆ. ಆ ಮೌನಕ್ಕೆ ಕಿವಿ ಹೊಂದಿಕೊಳ್ಳಲು ಎಷ್ಟು ದಿನ ಬೇಕಾಗುತ್ತದೋ.