ಮಾವನ ಹತ್ತು ಷೇರುಗಳು

ಅರ್ಥಶಾಸ್ತ್ರ ಓದುವವನಿಗೆ ಬಂಧುಗಳ ನಡುವೆ ಒಂದು ಅಪಾಯ ಕಾದಿರುತ್ತದೆ. ಹಣದ ಮಾತು ಬಂದೊಡನೆ ಎಲ್ಲರೂ ಅವನ ಮುಖ ನೋಡುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ನನಗೆ ಈ ಅಪಾಯ ತುಸು ಹೆಚ್ಚು.

೨೦೨೫ರ ನವೆಂಬರಿನ ಒಂದು ಭಾನುವಾರ ದಾವಣಗೆರೆಯಿಂದ ಬಸ್ಸು ಹಿಡಿದು ಹರಿಹರಕ್ಕೆ, ಸೋದರಮಾವನವರ ರೇಡಿಯೋ ರಿಪೇರಿ ಅಂಗಡಿಗೆ ಹೋಗಿದ್ದೆ. ಅವರ ಸ್ನೇಹಿತರಾದ ನಿವೃತ್ತ ಮೇಷ್ಟರೊಬ್ಬರು ಮಂಡಕ್ಕಿ, ಮಿರ್ಚಿಯ ಪೊಟ್ಟಣ ಬಿಚ್ಚಿಕೊಂಡು ಕುಳಿತಿದ್ದರು. ಇಬ್ಬರ ಬಳಿಯೂ ಇನ್ಫೋಸಿಸ್ಸಿನ ಕೆಲವು ಷೇರುಗಳಿದ್ದವು. ತಲಾ ೧,೮೦೦ ರೂಪಾಯಿಯಂತೆ ಹತ್ತು ಕೋಟಿ ಷೇರುಗಳನ್ನು, ಎಂದರೆ ೧೮,೦೦೦ ಕೋಟಿ ರೂಪಾಯಿಯಷ್ಟನ್ನು, ತಾನೇ ಮರಳಿ ಕೊಳ್ಳುವುದಾಗಿ ಕಂಪನಿ ಸಾರಿತ್ತು. ಪೇಟೆಯ ಧಾರಣೆ ಅದಕ್ಕಿಂತ ಕಡಿಮೆಯಿತ್ತು.

“ಬಿ.ಎ. ಓದುವವನು ನೀನು, ಹೇಳಪ್ಪಾ ಅಳಿಯಾ. ನನ್ನ ಹತ್ತು ಷೇರು ಕೊಟ್ಟುಬಿಡಲೋ, ಇಟ್ಟುಕೊಳ್ಳಲೋ?” ಎಂದರು ಮಾವ.

ನಾನು ಗಂಟಲು ಸರಿಮಾಡಿಕೊಂಡೆ. “ಮರಳಿ ಕೊಂಡ ಷೇರುಗಳು ರದ್ದಾಗುತ್ತವೆ ಮಾವಾ. ಷೇರು ಕಡಿಮೆಯಾದಷ್ಟೂ ಉಳಿದವರ ಪಾಲು ದೊಡ್ಡದಾಗುತ್ತದೆ. ಇಟ್ಟುಕೊಳ್ಳಿರಿ.”

“ಪಾಲು ದೊಡ್ಡದಾಯಿತು, ಸರಿ. ರೊಟ್ಟಿ ದೊಡ್ಡದಾಯಿತೇನು?” ಎಂದರು ಮೇಷ್ಟರು.

ಉತ್ತರ ತೋಚದೆ, ಎಲ್ಲಿಯೋ ಓದಿದ್ದ ಅಮೆರಿಕದ ಸಂಗತಿಯೊಂದಕ್ಕೆ ಜಾರಿದೆ. ಅಲ್ಲಿ ಮನೆಗಳಿಗೆ ಸ್ಪೀಕರ್ ತಯಾರಿಸುವ ಸೋನೋಸ್ ಎಂಬ ಕಂಪನಿಯಿದೆ. ೨೦೨೩ರ ನವೆಂಬರಿನಲ್ಲಿ ಅದು ೨೦ ಕೋಟಿ ಡಾಲರುಗಳವರೆಗೆ ತನ್ನ ಷೇರುಗಳನ್ನು ಕೊಳ್ಳಲು ಒಪ್ಪಿಗೆ ಪಡೆಯಿತು. ೨೦೨೪ರ ಮೇ ತಿಂಗಳಲ್ಲಿ ಸ್ಪೀಕರುಗಳನ್ನು ನಡೆಸುವ ಹೊಸ ಆ್ಯಪ್ ಹೊರಡಿಸಿದಾಗ ಹಳೆಯ ಅನುಕೂಲಗಳು ಕೆಲವು ಅದರಲ್ಲಿ ಇರಲೇ ಇಲ್ಲ. ಗಿರಾಕಿಗಳು ಸಿಡಿದೆದ್ದರು. ೨೦೨೫ರ ಜನವರಿಯಲ್ಲಿ ಮುಖ್ಯಾಧಿಕಾರಿ ಪ್ಯಾಟ್ರಿಕ್ ಸ್ಪೆನ್ಸ್ ಸ್ಥಾನ ಬಿಟ್ಟರು. ಮರುತಿಂಗಳೇ ಮತ್ತೆ ೧೫ ಕೋಟಿ ಡಾಲರುಗಳ ಷೇರು ಕೊಳ್ಳಲು ಒಪ್ಪಿಗೆ ದೊರೆಯಿತು!

ಮಾವ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಹಳೆಯ ಬಿಪಿಎಲ್ ಟೇಪ್ ರೆಕಾರ್ಡರನ್ನು ತಟ್ಟಿದರು. “ಈ ಕಂಪನಿಯ ಜಾಹೀರಾತಿನಲ್ಲಿ ಅಮಿತಾಭ್ ಬಚ್ಚನ್ ಬರುತ್ತಿದ್ದರು. ಜಾಹೀರಾತು ನೋಡಿ ಜನ ಒಂದು ಸಲ ಕೊಳ್ಳುತ್ತಾರೆ. ಎರಡನೆಯ ಸಲ ಕೊಳ್ಳಬೇಕಾದರೆ ಕಿವಿ ಒಪ್ಪಬೇಕು. ಷೇರಿನದೂ ಅಷ್ಟೇ ಕಣೋ.”

ಇಷ್ಟು ಹೇಳಿ, ಹತ್ತನ್ನೂ ಕೊಡುವುದಾಗಿ ಫೋನಿನಲ್ಲಿಯೇ ಅರ್ಜಿ ಹಾಕಿದರು. ಸಣ್ಣ ಷೇರುದಾರರಿಗೆ ಶೇಕಡಾ ೧೫ರಷ್ಟು ಮೀಸಲಿದ್ದರೂ ಕೊಟ್ಟದ್ದೆಲ್ಲವನ್ನೂ ತೆಗೆದುಕೊಳ್ಳುವರೆಂಬ ಖಾತರಿಯಿರಲಿಲ್ಲ.

ನನ್ನ ಸಲಹೆ ಬಿದ್ದುಹೋದದ್ದಕ್ಕೆ ತುಸು ಮುನಿಸಾಯಿತು. “ಅಷ್ಟೇನು ಅವಸರ ಮಾವಾ?” ಎಂದೆ.

“ಇವು ನಿನ್ನ ಎಂ.ಎ. ಫೀಸಿಗೆಂದು ತೆಗೆದಿಟ್ಟವು. ಪಾಲು ದೊಡ್ಡದಾಗುವ ತನಕ ಯೂನಿವರ್ಸಿಟಿಯವರು ಕಾಯುತ್ತಾರೇನು?”

ಮೇಷ್ಟರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಹೇಳಿದ್ದು ಪುಸ್ತಕದ ಪ್ರಕಾರ ಸರಿಯೇ ಇತ್ತು. ಆದರೆ ಹಣ ಯಾವುದಕ್ಕೆ, ಯಾವಾಗ ಬೇಕೆಂದು ಕೇಳದೆಯೇ ತೀರ್ಪು ಕೊಟ್ಟಿದ್ದೆ; ಅದೂ ನನ್ನದೇ ಫೀಸಿನ ಹಣದ ಬಗ್ಗೆ.

ಕೊನೆಗೆ ಕಂಪನಿ ತೆಗೆದುಕೊಂಡದ್ದು ಕೆಲವನ್ನು ಮಾತ್ರ. ಉಳಿದವು ಮಾವನವರ ಖಾತೆಗೆ ಮರಳಿದವು. “ಇವುಗಳನ್ನೇನು ಮಾಡಲಿ?” ಎಂದು ಅವರು ಮತ್ತೆ ಫೋನು ಮಾಡಿದರು. ಈ ಸಲ ನಾನು ಉತ್ತರ ಹೇಳಲಿಲ್ಲ. ಎಂ.ಎ.ಗೆ ಫೀಸು ಎಷ್ಟು, ಕಟ್ಟುವ ಕೊನೆಯ ದಿನ ಯಾವುದು ಎಂದು ಮೊದಲು ವಿಚಾರಿಸಿಕೊಂಡು ಬರುತ್ತೇನೆಂದೆ.