ಬದುವಿನ ಗಿಡಗಳು – 6: ತುಂಬೆ

ಫೋಟೋ ಸ್ವಲ್ಪ ಬ್ಲರ್ ಆಗಿದೆ, ಬೈಕೋಬೇಡಿ. ಇವತ್ತು ಶಿವರಾತ್ರಿ. ಬೆಳಗ್ಗೆ ರಾಗಿ ಹೊಲದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು ತೆಗೆದದ್ದು.

ತುಂಬೆಯನ್ನ ಯಾರೂ ಬಿತ್ತಲ್ಲ. ಬದು, ರಸ್ತೆ ಪಕ್ಕ, ಖಾಲಿ ಸೈಟು, ಎಲ್ಲಿ ಬೇಕಾದ್ರೂ ಹುಟ್ಟುತ್ತೆ. ಕಾಂಡವನ್ನ ಬೆರಳಲ್ಲಿ ಹೊರಳಿಸಿ ನೋಡಿ, ದುಂಡಗಿಲ್ಲ, ನಾಲ್ಕು ಮೂಲೆ ಸಿಗುತ್ತೆ. ತುಳಸಿ, ಪುದೀನದ್ದೂ ಹಾಗೇ. ಮೂರೂ ಒಂದೇ ಕುಟುಂಬ. ಗಂಟುಗಂಟಿಗೂ ಹಸಿರು ಗುಂಡು, ಅದರ ತುಂಬ ಪುಟ್ಟ ಬಿಳಿ ಹೂ. ಹೂ ಕಿತ್ತು ಬುಡ ಚೀಪಿದ್ರೆ ಒಂದು ಚೂರು ಸಿಹಿ. ಸ್ಕೂಲಿಂದ ಬರೋವಾಗ ನಮ್ಮ ಸ್ನ್ಯಾಕ್ಸ್ ಅದೇ. ನೆಗಡಿ ಆದ್ರೆ ಅಜ್ಜಿ ಸೊಪ್ಪು ಕುದಿಸಿ, ಕಂಬಳಿ ಹೊದಿಸಿ ಹಬೆ ಕೊಡ್ತಿದ್ಲು. ಶಿವನಿಗೆ ಪ್ರಿಯ ಅಂತ ಶಿವರಾತ್ರಿಗೆ ಹೂ ಬಿಡಿಸೋದೂ ಅವಳೇ. ಬುಟ್ಟಿಯ ತಳ ಮುಚ್ಚೋಕೇ ಒಂದು ಗಂಟೆ ಬೇಕು.

ನಾನು ಎಂಟನೇ ಕ್ಲಾಸಲ್ಲಿದ್ದಾಗ ಹುಲ್ಲಿನ ಮೆದೆ ಹತ್ರ ಚಿಕ್ಕಪ್ಪನಿಗೆ ಹಾವು ಕಚ್ಚಿತು. ಅಜ್ಜಿ ಓಡಿದ್ದು ಇದೇ ಬದುವಿಗೆ. ತುಂಬೆ ರಸ ಹಿಂಡಿ ಗಾಯಕ್ಕೆ ಹಚ್ಚಿದ್ಲು, ಒಂದು ಲೋಟ ಕುಡಿಸಿದ್ಲು. "ಒಂದ್ ಗಳಿಗೆ ನೋಡಾನ ಕಣಪ್ಪ" ಅಂದ್ಲು. ಆ ಗಳಿಗೆ ಮುಕ್ಕಾಲು ಗಂಟೆ ಆಯ್ತು. ಕಾಲು ಊದಿ ವಸಡಲ್ಲಿ ರಕ್ತ ಬಂದಾಗ ಪಕ್ಕದ ಮನೆಯವರು ಆಟೋ ತಂದರು. ಕೊಳಕುಮಂಡಲ ಅಂದ್ರು ಡಾಕ್ಟರು. ಆಂಟಿವೆನಮ್ ಕೊಟ್ಟರೂ ಕಿಡ್ನಿಗೆ ಏಟು ಬಿದ್ದಿತ್ತು, ಡಯಾಲಿಸಿಸ್ ಮಾಡಬೇಕಾಯ್ತು. ಚಿಕ್ಕಪ್ಪ ಉಳಿದರು. ಅಜ್ಜಿ ಎರಡು ವರ್ಷ ತುಂಬೆ ಮುಟ್ಟಲಿಲ್ಲ.

ಅವಳು ಸುಳ್ಳು ನಂಬಿದ್ದಲ್ಲ, ಕಣ್ಣಾರೆ ನೋಡಿದ್ದನ್ನೇ ನಂಬಿದ್ಲು. ವಿಷ ಇಲ್ಲದ ಹಾವು ಕಚ್ಚಿದ್ರೆ ಏನು ಹಚ್ಚಿದ್ರೂ ಬದುಕ್ತಾರೆ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೇ ಕಚ್ಚುತ್ತೆ. ಹಾಗೆ ಉಳಿದವರೆಲ್ಲ ತುಂಬೆ ಖಾತೆಗೆ ಜಮೆ ಆದರು. ಸತ್ತವರನ್ನ ಮಾತ್ರ ಹಣೆಬರಹದ ಖಾತೆಗೆ ಬರೆದ್ವಿ. (ಬಿಕಾಂ ಬುದ್ಧಿ, ಕ್ಷಮಿಸಿ.) ಹಾವು ಕಡಿತದ ಕೇಸನ್ನ ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ತಿಳಿಸಬೇಕು ಅಂತ ನಮ್ಮ ರಾಜ್ಯದಲ್ಲಿ ಆದೇಶ ಆಗಿದ್ದೇ 2024ರಲ್ಲಿ.

ಇದನ್ನೆಲ್ಲ ಈಗ ಯಾಕೆ ಬರೆದೆ ಅಂದ್ರೆ, ಕಳೆದ ವಾರ ಫ್ಯಾಮಿಲಿ ಗ್ರೂಪಿಗೆ ಒಂದು ರೀಲ್ ಬಂತು: ಹಾವಿನ ವಿಷಕ್ಕೆ ತುಂಬೆ ರಾಮಬಾಣವಂತೆ. ಹದಿನೇಳು ಜನ ಕೈ ಮುಗಿದಿದ್ದಾರೆ. ಚಿಕ್ಕಪ್ಪ ನೋಡಿ ಸುಮ್ಮನಿದ್ದಾರೆ. ಹಾವು ಕಚ್ಚಿದ್ರೆ ಕಟ್ಟಬೇಡಿ, ಕೊಯ್ಯಬೇಡಿ, ಗಳಿಗೆ ನೋಡಬೇಡಿ. ಕಾಲು ಅಲುಗಾಡಿಸದೆ ಸೀದಾ ಆಸ್ಪತ್ರೆಗೆ.

ಅಜ್ಜಿಗೆ ಈಗ ಮಂಡಿ ನೋವು, ಹೂವಿಗೆ ನನ್ನನ್ನೇ ಕಳಿಸಿದ್ದಾಳೆ. ಬುಟ್ಟಿಯ ತಳ ಇನ್ನೂ ಮುಚ್ಚಿಲ್ಲ, ಪಕ್ಕದ ಗಿಡದಲ್ಲಿ ಜೇನುಹುಳ ನನಗಿಂತ ಫಾಸ್ಟು.

ಮುಂದಿನ ವಾರ ಲಕ್ಕಿ ಸೊಪ್ಪು.